ದುಡ್ಡು ಎಣಿಸಿದ್ರಿ, ಪ್ರಬಂಧ ಓದಿದ್ರಾ?

‘ರೈಟಿಂಗ್‌ನಲ್ಲಿ 7 ಗ್ಯಾರಂಟಿ’ ಅಂತ ಫ್ಲೆಕ್ಸ್ ಕಟ್ಟಿಸಿರೋ ಐಇಎಲ್‌ಟಿಎಸ್ (ಫಾರಿನ್‌ಗೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ) ಕೋಚಿಂಗ್ ಸೆಂಟರಿನವರಿಗೆ ನಂದು ಒಂದೇ ಪ್ರಶ್ನೆ. ಸ್ವಾಮಿ, ನಾನು ಬರೆದು ಕೊಟ್ಟ ಪ್ರಬಂಧಗಳಲ್ಲಿ ಒಂದನ್ನಾದ್ರೂ ಮೊದಲ ಸಾಲಿಂದ ಕೊನೆ ಸಾಲಿನ ತನಕ ಓದಿದ್ದೀರಾ? ಹೆಸರು ಹಾಕಲ್ಲ. ಹಾಕಿದ್ರೆ ಅದೂ ಅವರಿಗೆ ಪುಕ್ಕಟೆ ಪ್ರಚಾರ. ಅಲ್ಲದೆ ಇದು ಕುಶಾಲನಗರದ ಒಂದು ಸೆಂಟರಿನ ಕಥೆ ಮಾತ್ರ ಅಲ್ಲ, ಬೇರೆ ಊರಲ್ಲಿ ಸೇರಿದ ನನ್ನ ಬ್ಯಾಚಿನ ಹುಡುಗಿಯರೂ ಇದನ್ನೇ ಹೇಳ್ಕೊಂಡು ಅಳ್ತಾರೆ.

ನಾನು ನರ್ಸ್. ಬಿ.ಎಸ್ಸಿ ನರ್ಸಿಂಗ್ ಮುಗಿಸಿ, ಮೈಸೂರಲ್ಲಿ ಐಸಿಯು ಡ್ಯೂಟಿ ಮಾಡಿ, ಇಂಗ್ಲೆಂಡಿಗೆ ಹೋಗಬೇಕು ಅಂತ ಕೆಲಸ ಬಿಟ್ಟು ಕೊಡಗಿನ ಮಾದಾಪುರದ ಮನೇಲಿ ಕೂತಿದ್ದೀನಿ. ಅಲ್ಲಿನ ನರ್ಸಿಂಗ್ ಕೌನ್ಸಿಲ್, ಅಂದ್ರೆ ಎನ್‌ಎಂಸಿ, ನಮ್ಮಂಥವರನ್ನ ರಿಜಿಸ್ಟರ್ ಮಾಡ್ಕೊಳ್ಳೋಕೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರಕ್ಕೂ 9ಕ್ಕೆ 7 ಬ್ಯಾಂಡ್ (ಅಲ್ಲಿ ಅಂಕಕ್ಕೆ ಹಾಗಂತಾರೆ) ಕೇಳುತ್ತೆ. ರೈಟಿಂಗ್‌ಗೆ 6.5. ಮೊದಲು ಅದಕ್ಕೂ 7 ಇತ್ತು. ಬರೆಯೋದ್ರಲ್ಲೇ ನರ್ಸುಗಳು ಕೂದಲೆಳೆ ಅಂತರದಲ್ಲಿ ಬೀಳ್ತಿದ್ದಾರೆ ಅಂತ ಗೊತ್ತಾಗಿ 2018ರ ಕೊನೆಗೆ ಅವರೇ ಅರ್ಧ ಬ್ಯಾಂಡ್ ಇಳಿಸಿದ್ರು. ಇಳಿಸಿದ ಮೇಲೂ ನಂದು ಮಿಕ್ಕ ಮೂರರಲ್ಲಿ ದಾಟಿ, ರೈಟಿಂಗ್‌ನಲ್ಲಿ 6ಕ್ಕೆ ಬಂದು ನಿಂತಿದೆ. ಪರೀಕ್ಷೆ ಫೀಸು 17,000 ರೂಪಾಯಿಗಿಂತ ಮೇಲೆ. ಬಂದ ಅಂಕಕ್ಕೆ ಆಯಸ್ಸು ಎರಡೇ ವರ್ಷ. ಆಮೇಲೆ ಅದು ರದ್ದಿ.

ಪರೀಕ್ಷೆ ನಡೆಸೋರು ನಾವು ಬರೆದಿದ್ದನ್ನ ವಾಪಸ್ ತೋರಿಸಲ್ಲ. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಾದ್ರೆ ದುಡ್ಡು ಕಟ್ಟಿದ್ರೆ ಉತ್ತರಪತ್ರಿಕೆ ನಕಲು ಕೈಗೆ ಬರುತ್ತೆ, ಎಲ್ಲಿ ಅಂಕ ಹೋಯ್ತು ಅಂತ ನೋಡಿ ಬೇಕಾದ್ರೆ ಮರುಮೌಲ್ಯಮಾಪನಕ್ಕೆ ಹಾಕಬಹುದು. ಇಲ್ಲೂ ಆರು ವಾರದೊಳಗೆ ಮರುಪರಿಶೀಲನೆ ಕೇಳೋಕೆ ಅವಕಾಶ ಇದೆ, ಅಂಕ ಬದಲಾದ್ರೆ ಆ ದುಡ್ಡು ವಾಪಸ್ಸೂ ಬರುತ್ತೆ. ಆದ್ರೆ ಹಾಳೆ ಮಾತ್ರ ನಮ್ಮ ಕಣ್ಣಿಗೆ ಬೀಳಲ್ಲ. ಹೋಗ್ಲಿ, ಅದು ಅವರ ನಿಯಮ, ಮೊದಲೇ ಗೊತ್ತಿದ್ದು ಕಟ್ಟಿದ್ದು. ಅದಕ್ಕೇ ಅಲ್ವಾ ಕೋಚಿಂಗ್ ಅಂತ ಒಂದು ಬೇಕಾಗಿದ್ದು? ನಾನು ಬರೆದಿದ್ದನ್ನ ಇಂಗ್ಲಿಷ್ ಬಲ್ಲ ಇನ್ನೊಬ್ಬರು ಓದಿ, ‘ಇಲ್ಲಿ ನೀನು ಹೇಳೋಕೆ ಹೊರಟಿದ್ದು ನಂಗೆ ಅರ್ಥ ಆಗ್ಲಿಲ್ಲ ಕಣಮ್ಮ’ ಅಂತ ಬೆರಳಿಟ್ಟು ತೋರಿಸ್ಲಿ ಅಂತ. ಅದೊಂದಕ್ಕೇ ನಾನು ದುಡ್ಡು ಕೊಟ್ಟಿದ್ದು. ವ್ಯಾಕರಣ ಪುಸ್ತಕ ಮನೇಲೂ ಇದೆ.

ಮೊದಲ ಕ್ಲಾಸಲ್ಲೇ ಸರ್ ಒಂದು ಜೆರಾಕ್ಸ್ ಕಟ್ಟು ಕೊಟ್ರು. ‘ಸಿಸ್ಟರ್, ಇದನ್ನ ಬೈಹಾರ್ಟ್ ಮಾಡಿ, ಸಾಕು.’ ಬಂದವರೆಲ್ಲ ನರ್ಸುಗಳು, ಹಾಗಾಗಿ ಎಲ್ರೂ ಅವರಿಗೆ ಸಿಸ್ಟರೇ. ಹೆಸರು ಕೇಳೋ ತೊಂದರೆ ಇಲ್ಲ. ಆ ಕಟ್ಟಲ್ಲಿ ಇದ್ದಿದ್ದು ಟೆಂಪ್ಲೇಟು. ‘ಇನ್ ದಿಸ್ ಮಾಡರ್ನ್ ಎರಾ, ಇಟ್ ಈಸ್ ಎ ಹಾಟ್ಲಿ ಡಿಬೇಟೆಡ್ ಟಾಪಿಕ್ ದಟ್...’ ಇಲ್ಲಿಂದ ಶುರು. ವಿಷಯ ಟ್ರಾಫಿಕ್ ಆಗ್ಲಿ, ಮ್ಯೂಸಿಯಂ ಆಗ್ಲಿ, ಮಕ್ಕಳ ಹೋಮ್‌ವರ್ಕ್ ಆಗ್ಲಿ, ಶುರು ಇದೇ. ಖಾಲಿ ಜಾಗದಲ್ಲಿ ವಿಷಯ ತುಂಬೋದು ಅಷ್ಟೇ ನಮ್ಮ ಕೆಲಸ. ಪ್ರತಿ ವಾಕ್ಯದ ತಲೆ ಮೇಲೆ ಮೋರ್‌ಓವರ್, ಫರ್ದರ್‌ಮೋರ್, ಇನ್ ಅಡಿಷನ್. ಕೊನೆಗೆ ‘ಟು ರ‍್ಯಾಪ್ ಅಪ್’. ಜೊತೆಗೆ ‘ಬ್ಯಾಂಡ್ ನೈನ್ ವೊಕ್ಯಾಬುಲರಿ’ ಅಂತ ಒಂದು ಪಟ್ಟಿ. ಪ್ಲೆಥೋರಾ, ಪ್ಯಾನಾಸಿಯಾ (ಅಂದ್ರೆ ಸರ್ವರೋಗಕ್ಕೂ ಮದ್ದು), ಯುಬಿಕ್ವಿಟಸ್. ಜ್ವರ ಬಂದ ರೋಗಿಗೆ ಪ್ಯಾನಾಸಿಯಾ ಕೊಡಿ ಅಂತ ಯಾವ ಡಾಕ್ಟರೂ ನಂಗೆ ಇವತ್ತಿನವರೆಗೆ ಹೇಳಿಲ್ಲ.

ಈಗ ಕೇಳಿ, ಹೊಟ್ಟೆ ಉರಿಯೋ ಭಾಗ. ರೈಟಿಂಗ್‌ಗೆ ಅಂಕ ಹೇಗೆ ಹಾಕ್ತಾರೆ ಅನ್ನೋದು ಗುಟ್ಟೇನಲ್ಲ. ಒಂದು ಗಂಟೆ, ಎರಡು ಟಾಸ್ಕು. ಮೊದಲನೇದು ಗ್ರಾಫೋ ಟೇಬಲ್ಲೋ ಮ್ಯಾಪೋ ಕೊಟ್ಟು ಕನಿಷ್ಠ 150 ಪದ ಬರೆಸ್ತಾರೆ, ಎರಡನೇದು ಪ್ರಬಂಧ, ಕನಿಷ್ಠ 250 ಪದ, ಅದಕ್ಕೆ ಮೊದಲಿನದರ ಎರಡರಷ್ಟು ತೂಕ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀಯಾ, ಮಾತಿಗೆ ಮಾತು ಕೂಡಿ ಬಂದಿದ್ಯಾ, ಪದಸಂಪತ್ತು, ವ್ಯಾಕರಣ, ಈ ನಾಲ್ಕಕ್ಕೂ ಸಮಪಾಲು. ಪ್ರತಿ ಬ್ಯಾಂಡಿಗೆ ಏನಿರಬೇಕು ಅಂತ ‘ಬ್ಯಾಂಡ್ ಡಿಸ್ಕ್ರಿಪ್ಟರ್’ ಅನ್ನೋ ಪಟ್ಟಿ ಪರೀಕ್ಷೆಯವರೇ ಇಂಟರ್ನೆಟ್ಟಲ್ಲಿ ಹಾಕಿದ್ದಾರೆ, ಪುಕ್ಕಟೆ. ಕೋಚಿಂಗಲ್ಲಿ ಆ ಪಟ್ಟಿ ಒಂದು ದಿನವೂ ಯಾರೂ ತೋರಿಸ್ಲಿಲ್ಲ. ರಿಸಲ್ಟ್ ಬಂದು ತಲೆ ಮೇಲೆ ಕೈ ಹೊತ್ತು ಕೂತಾಗ ನಾನೇ ಹುಡುಕಿ ತೆಗೆದೆ.

ಬ್ಯಾಂಡ್ 6ರ ಕೆಳಗೆ ಏನು ಬರೆದಿದೆ ಗೊತ್ತಾ? ವಾಕ್ಯ ಜೋಡಿಸೋ ಪದಗಳನ್ನ ಅತಿಯಾಗಿಯೋ ತಪ್ಪಾಗಿಯೋ ಬಳಸಿ, ಜೋಡಣೆ ಯಾಂತ್ರಿಕವಾಗಿ ಕಾಣಬಹುದು ಅಂತ. ಅಂದ್ರೆ ಮೋರ್‌ಓವರ್ ಫರ್ದರ್‌ಮೋರ್ ಮೆರವಣಿಗೆಗೆ ಅವರು ಕೊಡೋ ಬೆಲೆಯೇ 6! ಇನ್ನೂ ಕೆಳಗೆ ಬ್ಯಾಂಡ್ 4ಕ್ಕೆ ಇಳಿದ್ರೆ, ಬಾಯಿಪಾಠ ಮಾಡಿದ ಮಾತುಗಳನ್ನ ಎಲ್ಲೆಂದರಲ್ಲಿ ತುರುಕೋದು ಅಂತ ಪದಸಂಪತ್ತಿನ ಕಾಲಮ್ಮಿನಲ್ಲಿ ಸ್ಪಷ್ಟವಾಗಿದೆ. ಇಡೀ ಉತ್ತರ ಬಾಯಿಪಾಠ ಅಂತ ಸಾಬೀತಾದ್ರೆ ಸೊನ್ನೆ. ದುಡ್ಡು ಕೊಟ್ಟು 7ಕ್ಕೆ ಅಂತ ತಗೊಂಡ ಔಷಧಿ 6ರ ಕಾಯಿಲೆಯನ್ನೇ ಸಾಕ್ತಾ ಇತ್ತು. ವಾರ್ಡಲ್ಲಿ ನಾವೇನಾದ್ರೂ ಹೀಗೆ ಔಷಧಿ ಕೊಟ್ಟಿದ್ರೆ ವಿಚಾರಣೆ ಆಗ್ತಿತ್ತು, ಕೆಲಸ ಹೋಗ್ತಿತ್ತು. ಇಲ್ಲಿ ಫ್ಲೆಕ್ಸ್ ಮೇಲೆ ಫೋಟೋ ಬರುತ್ತೆ.

ಟಾಸ್ಕ್ 1ರದ್ದೂ ಇದೇ ಹಣೆಬರಹ. ಗ್ರಾಫಿನಲ್ಲಿ ಒಟ್ಟಾರೆ ಏನಾಗ್ತಿದೆ ಅಂತ ಎರಡು ಸಾಲು ಮೇಲ್ನೋಟ ಸ್ಪಷ್ಟವಾಗಿ ಹೇಳಬೇಕು ಅಂತ 7ರ ಸಾಲಿನಲ್ಲೇ ಇದೆ. ಇವರು ಕಲಿಸಿದ್ದು ಕಂಡ ನಂಬರನ್ನೆಲ್ಲ ಸಾಲಾಗಿ ಒಪ್ಪಿಸೋದು. ಪೇಷೆಂಟಿನ ಬಿಪಿ ಚಾರ್ಟ್ ನೋಡಿ ‘ರಾತ್ರಿಯಿಂದ ಇಳೀತಾ ಇದೆ ಡಾಕ್ಟ್ರೇ’ ಅಂತ ಒಂದೇ ಮಾತಲ್ಲಿ ಹೇಳೋಕೆ ನಂಗೆ ಬರುತ್ತೆ. ಅದನ್ನೇ ಅಲ್ಲಿ ಬರೀ ಅಂತ ಒಬ್ಬರು ಹೇಳಿದ್ರೆ ಸಾಕಿತ್ತು.

ಇನ್ನು ಆನೆ ಬಗ್ಗೆ ನಾನು ಬರೆದ ಪ್ರಬಂಧದ ವಿಷಯಕ್ಕೆ ಬರ್ತೀನಿ. ಇದನ್ನ ಬರೀತಾ ಈಗಲೂ ಮೈ ಉರೀತಿದೆ.

ಕಾಡುಪ್ರಾಣಿ ಉಳಿಸೋಕೆ ದುಡ್ಡು ಸುರಿಯೋದು ದಂಡ, ಒಪ್ತೀರಾ ಇಲ್ವಾ ಅಂತ ಒಂದು ಪ್ರಶ್ನೆ ಕೊಟ್ಟಿದ್ರು. ಅಬ್ಬಾ, ಕೊನೆಗೂ ನಂಗೆ ಗೊತ್ತಿರೋದು ಅಂತ ಕೂತು ಬರೆದೆ. ಸುಂಟಿಕೊಪ್ಪದಿಂದ ಆನೆಕಾಡು ಕಡೆ ಬೆಳಗ್ಗೆ ಬಸ್ಸಲ್ಲಿ ಹೋಗೋರಿಗೆ ಆನೆ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ತೋಟದ ಲೈನ್ ಮನೆಯವರು ಆನೆ ಎಲ್ಲಿ ನಿಂತಿದೆ ಅಂತ ಫೋನಲ್ಲಿ ವಿಚಾರಿಸಿಕೊಂಡೇ ಕೆಲಸಕ್ಕೆ ಹೊರಡೋದು, ಹಲಸು ಹಣ್ಣಾದ್ರೆ ಆನೆ ಬರುತ್ತೆ ಅಂತ ಎಳೆಕಾಯಿಯಲ್ಲೇ ಕೊಯ್ದು ಹಾಕೋದು, ಕಂದಕ ತೋಡಿದ್ದು, ಸೋಲಾರ್ ಬೇಲಿ ಹಾಕಿದ್ದು, ಅದಕ್ಕೂ ಬಗ್ಗದೆ ಹಳೇ ರೈಲು ಕಂಬಿ ನೆಟ್ಟು ಬೇಲಿ ಮಾಡಿದ್ದು, ಎಲ್ಲ ಬರೆದೆ. (ರೈಲೇ ಇಲ್ಲದ ಜಿಲ್ಲೆ ನಮ್ದು, ಕಂಬಿ ಮಾತ್ರ ಆನೆಗೋಸ್ಕರ ಬಂತು.) ದುಡ್ಡು ಖರ್ಚು ಮಾಡಬೇಕು, ಆದ್ರೆ ಪ್ರಾಣಿ ಜೊತೆಗೆ ಅದರ ಪಕ್ಕ ಬದುಕೋರಿಗೂ ಮಾಡಬೇಕು ಅಂತ ನನ್ನ ನಿಲುವು ಹೇಳಿ ಮುಗಿಸಿದೆ. ನಾನು ಇಂಗ್ಲಿಷಲ್ಲಿ ಬರೆದ ಪ್ರಬಂಧಗಳಲ್ಲಿ ನಿಜವಾಗ್ಲೂ ನಂದು ಅನ್ನಿಸಿದ್ದು ಅದೊಂದೇ.

ಸರ್ ಆ ಇಡೀ ಪ್ಯಾರಾಗೆ ಕೆಂಪು ಪೆನ್ನಲ್ಲಿ ಅಡ್ಡಗೆರೆ ಎಳೆದ್ರು. ಪಕ್ಕದಲ್ಲಿ ‘ನೋ ಲೋಕಲ್ ಎಕ್ಸಾಂಪಲ್ಸ್’. ಯಾಕೆ ಸರ್ ಅಂದಿದ್ದಕ್ಕೆ, ‘ಸಿಸ್ಟರ್, ಪೇಪರ್ ನೋಡೋರಿಗೆ ಸುಂಟಿಕೊಪ್ಪ ಎಲ್ಲಿ ಗೊತ್ತು? ಯಾವುದಾದ್ರೂ ಫಾರಿನ್ ಯೂನಿವರ್ಸಿಟಿ ಸ್ಟಡಿ ಪ್ರಕಾರ ಇಷ್ಟು ಪರ್ಸೆಂಟ್ ಅಂತ ಹಾಕಿ. ನಂಬರ್ ನೀವೇ ಹಾಕ್ಕೊಳ್ಳಿ, ಯಾರೂ ಚೆಕ್ ಮಾಡಲ್ಲ’ ಅಂದ್ರು.

ಯಾರೂ ಚೆಕ್ ಮಾಡಲ್ಲ! ಇಲ್ಲದ ಅಧ್ಯಯನ, ಇಲ್ಲದ ಶೇಕಡಾವಾರು ಬರೀ ಅಂತ ಒಬ್ಬ ನರ್ಸಿಗೆ ಹೇಳಿಕೊಡ್ತಾರೆ. ಇದೇ ಬುದ್ಧಿಯಲ್ಲಿ ನಾಳೆ ನಾನು ಟೆಂಪರೇಚರ್ ನೋಡದೆ ಚಾರ್ಟಲ್ಲಿ 98.6 ಅಂತ ತುಂಬಿದ್ರೆ ಒಪ್ತೀರಾ? ತಮಾಷೆ ಏನಂದ್ರೆ, ಪ್ರಶ್ನೆಪತ್ರಿಕೆಯಲ್ಲೇ ನಿಮ್ಮ ಸ್ವಂತ ತಿಳಿವಳಿಕೆಯಿಂದ ಅಥವಾ ಅನುಭವದಿಂದ ಉದಾಹರಣೆ ಕೊಡಿ ಅಂತ ಅಚ್ಚು ಹಾಕಿರ್ತಾರೆ. ಟಾಸ್ಕ್ 2ರ ಕೆಳಗೆ ಯಾವಾಗಲೂ ಇರೋ ಸಾಲು ಅದು. ಅದನ್ನೂ ಓದದೆ ಕಲಿಸೋಕೆ ಕೂತಿದ್ದಾರೆ. ನಾನು ಬರೆದಿದ್ದನ್ನ ಓದ್ತಾರೆ ಅಂತ ಹೇಗೆ ನಂಬೋದು?

ನಂಬದೆ ಪರೀಕ್ಷೆ ಮಾಡೇಬಿಟ್ಟೆ. ನಗರ ಸಾರಿಗೆ ಬಗ್ಗೆ ಬರೆದ ಪ್ರಬಂಧದ ನಡುವೆ ಒಂದು ಪ್ಯಾರಾ ಪೂರ್ತಿ ಕಳಲೆ (ಎಳೆ ಬಿದಿರು) ಬಗ್ಗೆ ಬರೆದೆ. ಕಳಲೆಯನ್ನ ಸಣ್ಣಗೆ ಹೆಚ್ಚಬೇಕು, ನೀರಲ್ಲಿ ನೆನೆಹಾಕಬೇಕು, ದಿನಾ ನೀರು ಬದಲಿಸಬೇಕು, ಇಲ್ಲದಿದ್ರೆ ಕಹಿ ಹೋಗಲ್ಲ, ಹೊಟ್ಟೆಗೂ ಒಳ್ಳೇದಲ್ಲ. ಶುರುವಲ್ಲಿ ಒಂದು ಮೋರ್‌ಓವರ್, ಮಧ್ಯೆ ಒಂದು ಪ್ಲೆಥೋರಾ ಇಟ್ಟೆ. ವಾಪಸ್ ಬಂತು. ‘ಗುಡ್. 6.5. ಯೂಸ್ ಮೋರ್ ಲಿಂಕರ್ಸ್.’ ಅಂದ್ರೆ ಮೋರ್‌ಓವರ್ ಥರ ಜೋಡಿಸೋ ಪದ ಇನ್ನೂ ಬೇಕಂತೆ. ಕಳಲೆ ಪ್ಯಾರಾ ಪಕ್ಕ ಒಂದು ಟಿಕ್ ಮಾರ್ಕು ಬೇರೆ! ಹಾಸ್ಟೆಲಲ್ಲಿದ್ದ ಗೆಳತಿಗೆ ಫೋಟೋ ಕಳಿಸಿದೆ. ಅವಳು ನಕ್ಕಳು. ನಂಗೆ ನಗು ಬರ್ಲಿಲ್ಲ. ಅಪ್ಪ ಕರಿಮೆಣಸು ಮಾರಿ ಕಟ್ಟಿದ ಫೀಸು ಅದು.

ಮಳೆಗಾಲದ ಆನ್‌ಲೈನ್ ಕ್ಲಾಸಿನ ಕಥೆ ಬೇರೆ. ಗಾಳಿಗೆ ಮರ ಲೈನ್ ಮೇಲೆ ಬಿದ್ರೆ ಕರೆಂಟು ಹೋಯ್ತು. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತೆ. ಮಾಕ್ ಟೆಸ್ಟ್ ಮಧ್ಯೆ ನೆಟ್ ಹೋಗಿ, ಟೈಪ್ ಮಾಡಿದ್ದೆಲ್ಲ ಮಾಯವಾಗಿ, ಮಾರನೇ ದಿನ ಸರ್ ಕೇಳಿದ್ರೆ, ‘ಸೀರಿಯಸ್‌ನೆಸ್ ಇಲ್ಲ ನಿಮಗೆ, ಮೈಸೂರಲ್ಲಿ ರೂಮ್ ಮಾಡಿ ಓದಿ’ ಅಂತ ಉಪದೇಶ. ಮಾದಾಪುರದ ಕಡೆ ಮಳೆ ಅಂದ್ರೆ ಏನು ಅಂತ 2018ರಲ್ಲಿ ಗುಡ್ಡ ಜರಿದಿದ್ದನ್ನ ನೋಡಿದವರಿಗೆ ಗೊತ್ತು. ಮಳೆ ಜೋರಾದ ರಾತ್ರಿ ಅಮ್ಮ ಈಗಲೂ ಸರಿಯಾಗಿ ನಿದ್ದೆ ಮಾಡಲ್ಲ. ಅವರನ್ನ ಬಿಟ್ಟು ಮೈಸೂರಲ್ಲಿ ರೂಮಂತೆ. ಪರೀಕ್ಷೆಗೆ ಹೇಗೂ ಘಟ್ಟ ಇಳಿದು ಮಂಗಳೂರಿಗೋ, ಇಲ್ಲಾ ಮೈಸೂರು ಬೆಂಗಳೂರಿಗೋ ಓಡಲೇಬೇಕು. ಓದೋಕೂ ಓಡಬೇಕಾ?

ಊರವರ ಮಾತಿಗೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಆದ್ರೂ ಒಂದು ಹೇಳಿಬಿಡ್ತೀನಿ. ಅತ್ತೆ ಮದುವೆ ಮನೇಲಿ ಎಲ್ರ ಎದುರಿಗೆ, ‘ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದವಳಿಗೆ ಇಂಗ್ಲಿಷ್ ಪರೀಕ್ಷೆ ಯಾಕಮ್ಮ ಕಷ್ಟ?’ ಅಂದ್ರು. ಅತ್ತೆ, ಕನ್ನಡದಲ್ಲೇ ಹುಟ್ಟಿ ಬೆಳೆದ ನೀವು ನಲವತ್ತು ನಿಮಿಷದಲ್ಲಿ ಬಾಹ್ಯಾಕಾಶ ಸಂಶೋಧನೆ ಬೇಕೋ ಬೇಡವೋ ಅಂತ 250 ಪದ ಬರೆದು ತೋರಿಸಿ, ಆಮೇಲೆ ಮಾತಾಡೋಣ. ಹೀಗೆ ಅನ್ನಬೇಕಿತ್ತು. ಅನ್ನಲಿಲ್ಲ. ಪಾಯಸ ಕುಡಿದು ಬಂದೆ.

ಇನ್ನು ಕೆಲವರು ‘ಓಇಟಿ ಬರೀ, ನರ್ಸುಗಳಿಗೆ ಅದೇ ಸುಲಭ’ ಅಂತಾರೆ. ಹೌದು, ಅದು ಆಸ್ಪತ್ರೆ ಕೆಲಸದವರಿಗೆ ಅಂತಾನೇ ಇರೋ ಇಂಗ್ಲಿಷ್ ಪರೀಕ್ಷೆ, ಅದರಲ್ಲಿ ಕೇಸ್ ನೋಟ್ಸ್ ಕೊಟ್ಟು 180ರಿಂದ 200 ಪದದ ಪತ್ರ ಬರೆಸ್ತಾರೆ, ಅದು ನಮ್ಮ ದಿನದ ಕೆಲಸಕ್ಕೆ ಹತ್ತಿರ. ಫೀಸು ಇದಕ್ಕಿಂತ ಎಷ್ಟೋ ಜಾಸ್ತಿ. ಅದಕ್ಕೂ ಇದೇ ಸೆಂಟರಲ್ಲಿ ಇದೇ ಸರ್ ಕ್ಲಾಸು. ಇನ್ನೊಂದು ಜೆರಾಕ್ಸ್ ಕಟ್ಟು ರೆಡಿ ಇದೆಯಂತೆ.

ರಿಸಲ್ಟ್ ತಗೊಂಡು ಹೋಗಿ ‘ಗ್ಯಾರಂಟಿ ಅಂದಿದ್ರಲ್ಲ ಸರ್’ ಅಂದೆ. ಫ್ಲೆಕ್ಸಿನ ಮೂಲೆ ತೋರಿಸಿದ್ರು. ಇರುವೆ ಗಾತ್ರದ ಅಕ್ಷರದಲ್ಲಿ ‘ಷರತ್ತುಗಳು ಅನ್ವಯ’. ಷರತ್ತೇನು ಅಂದ್ರೆ, ನೂರಕ್ಕೆ ನೂರು ಹಾಜರಾತಿ ಇರಬೇಕು, ಕೊಟ್ಟ ಪ್ರಬಂಧ ಎಲ್ಲ ಬರೆದಿರಬೇಕು. ನಾನು ಪ್ರಬಂಧ ಎಲ್ಲ ಬರೆದಿದ್ದೀನಿ. ಹಾಜರಾತಿಯಲ್ಲಿ ಕರೆಂಟು ಹೋದ ದಿನಗಳೆಲ್ಲ ಗೈರು. ಮತ್ತೆ ಸೇರೋದಾದ್ರೆ ‘ರಿಪೀಟರ್ ಡಿಸ್ಕೌಂಟ್’ ಕೊಡ್ತಾರಂತೆ. ನನ್ನ ಪ್ರಬಂಧಗಳ ಫೈಲ್ ವಾಪಸ್ ಕೊಡಿ ಅಂದೆ. ‘ಅದು ಸೆಂಟರ್ ಪ್ರಾಪರ್ಟಿ ಸಿಸ್ಟರ್’ ಅಂದ್ರು. ಓದದೇ ಇರೋ ಹಾಳೆ ಇಟ್ಕೊಂಡು ಏನ್ ಮಾಡ್ತೀರಿ ಅಂತ ಜೋರಾಗೇ ಕೇಳಿದೆ, ಪಕ್ಕದ ಮೊಬೈಲ್ ಅಂಗಡಿಯವರೂ ಇಣುಕಿ ನೋಡಿದ್ರು. ಆಮೇಲೆ ಕೊಟ್ರು. ಕಳಲೆ ಪ್ಯಾರಾ ನನ್ನ ಹತ್ರ ಈಗ ಟಿಕ್ ಮಾರ್ಕ್ ಸಮೇತ ಇದೆ, ಯಾರು ಕೇಳಿದ್ರೂ ತೋರಿಸ್ತೀನಿ.

ಸೋಮವಾರಪೇಟೆ, ಸುಂಟಿಕೊಪ್ಪ, ಮಡಿಕೇರಿ ಕಡೆ ಇಂಗ್ಲಿಷ್ ಕಲಿಸಿ ರಿಟೈರ್ ಆಗಿರೋ ಮೇಷ್ಟ್ರು, ಟೀಚರ್ ಯಾರಾದ್ರೂ ಇದ್ರೆ ಹೇಳಿ. ಐಇಎಲ್‌ಟಿಎಸ್ ಗೊತ್ತಿರಬೇಕು ಅಂತಿಲ್ಲ, ಆ ಪಟ್ಟಿ ನಾನೇ ಪ್ರಿಂಟ್ ಹಾಕಿ ತರ್ತೀನಿ. ವಾರಕ್ಕೊಂದು ಹಾಳೆ ಪೂರ್ತಿ ಓದಿ ಬೈದ್ರೆ ಸಾಕು, ಫೀಸು ಕೊಡ್ತೀನಿ. ಕೋಚಿಂಗ್ ಏಜೆಂಟುಗಳು ಇನ್‌ಬಾಕ್ಸಿಗೆ ಬರಬೇಡಿ. ‘ಬ್ಯಾಂಡ್ ನೈನ್ ಟೆಂಪ್ಲೇಟ್ ಪಿಡಿಎಫ್’ ಕಳಿಸಿದವರನ್ನ ಅಲ್ಲೇ ಬ್ಲಾಕ್ ಮಾಡ್ತೀನಿ.