ಹದಿನೇಳು ಸೆಕೆಂಡು

"ಸರ್, ನೋಡಬಾರದು ಎಂದು ನಿಯಮದಲ್ಲಿ ಎಲ್ಲಿ ಬರೆದಿದೆ, ತೋರಿಸಿ."

ರಾತ್ರಿ ಹನ್ನೊಂದೂವರೆಗೆ ಬಂದ ಸಂದೇಶ. ಕಳಿಸಿದವನು ಎರಡನೇ ಪಿಯುಸಿ ಓದುವ ಹುಡುಗ. ನಾವು ನಾಲ್ವರು ಗೆಳೆಯರು ವರ್ಷಕ್ಕೊಮ್ಮೆ ನಡೆಸುವ ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧದಾಟದ ಪಂದ್ಯಾವಳಿಯಲ್ಲಿ ಅಂದು ಸಂಜೆಯಷ್ಟೇ ಕ್ವಾರ್ಟರ್ ಫೈನಲ್ ಗೆದ್ದಿದ್ದ. ಆಡುವವರು ಹದಿನಾರು ಮಂದಿ, ಬಹುಮಾನ ಮೂರು ಸಾವಿರ ರೂಪಾಯಿ ಮತ್ತು ಒಂದು ಮೌಸ್. ಇಷ್ಟಕ್ಕೆಲ್ಲ ಯಾರಾದರೂ ಮೋಸ ಮಾಡುತ್ತಾರೆಯೇ ಎಂದು ನನ್ನ ಹೆಂಡತಿಯೂ ಕೇಳಿದಳು. ಇಸ್ಪೀಟಿನಲ್ಲಿ ಕಡಲೆಬೀಜ ಪಣಕ್ಕಿಟ್ಟು ಆಡುವಾಗಲೂ ಎದುರಿನವರ ಎಲೆ ಇಣುಕುವವರಿದ್ದಾರೆ ಎಂದೆ. ಅವಳ ತವರಿನಲ್ಲೇ ಇದ್ದಾರೆ. ಅದನ್ನು ಮಾತ್ರ ಹೇಳಲಿಲ್ಲ.

ಈ ಆಟ ಆಡದವರಿಗಾಗಿ ಸ್ವಲ್ಪ ವಿವರಣೆ. ಅಳಿಗುಳಿಮಣೆಯಲ್ಲಿ ಕಾಳುಗಳೆಲ್ಲ ಇಬ್ಬರ ಕಣ್ಣೆದುರೇ ಇರುತ್ತವೆ, ಚದುರಂಗದಲ್ಲೂ ಅಷ್ಟೇ. ಇಲ್ಲಿ ಹಾಗಲ್ಲ. ಆಟ ಶುರುವಾದಾಗ ನಕ್ಷೆ ಪೂರ್ತಿ ಕತ್ತಲು. ನಿಮ್ಮ ಊರಿನ ಸುತ್ತ ಒಂದಿಷ್ಟು ಬೆಳಕು, ಕೈಯಲ್ಲಿ ಒಬ್ಬ ಕುದುರೆ ಸವಾರ. ಅವನನ್ನು ಓಡಿಸಿ ಎದುರಾಳಿ ಎಲ್ಲಿ ಮರ ಕಡಿಯುತ್ತಿದ್ದಾನೆ, ಯಾವ ಸೈನ್ಯ ಕಟ್ಟುತ್ತಿದ್ದಾನೆ ಎಂದು ಪತ್ತೆ ಮಾಡಬೇಕು. ಸವಾರ ಸತ್ತರೆ ಊಹೆಯೇ ಗತಿ. ಈ ಆಟದ ಅರ್ಧ ಸುಖ, ಪೂರ್ತಿ ಸಂಕಟ ಎರಡೂ ಆ ಊಹೆಯಲ್ಲಿವೆ.

ಸೋತವನು ಗೊಣಗಿದ್ದಕ್ಕೆ ನಾನು ಆ ಪಂದ್ಯದ ರೆಕಾರ್ಡಿಂಗ್ ಹಾಕಿಕೊಂಡು ಕುಳಿತೆ. ಹುಡುಗನ ಸವಾರ ಬೇಗನೆ ಎದುರಾಳಿಯ ಕೋಟೆಮನೆಯ ಬಾಣಕ್ಕೆ ಸಿಕ್ಕಿ ಸತ್ತಿದ್ದ. ಆಮೇಲೆ ಎದುರಾಳಿ ಕಾಡಿನ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಬಿಲ್ಲುಗಾರರ ಶಾಲೆ ಎರಡು ಕಟ್ಟಿದ. ಒಬ್ಬ ಬಿಲ್ಲುಗಾರನೂ ಹೊರಗೆ ಬರುವ ಮೊದಲೇ ಹುಡುಗ ಅವರನ್ನು ಹೊಡೆಯಲು ಬೇಕಾದ ಈಟಿ ಎಸೆಯುವವರನ್ನು ತಯಾರಿಸತೊಡಗಿದ. ಒಳ್ಳೆಯ ಊಹೆ ಎಂದುಕೊಂಡೆ. ಎದುರಾಳಿ ಗೋಪುರ ಕಟ್ಟಲು ಒಬ್ಬ ಕೂಲಿಯವನನ್ನು ಹುಡುಗನ ಚಿನ್ನದ ಗಣಿಯತ್ತ ಕಳಿಸಿದ. ಅವನು ಅಲ್ಲಿ ತಲುಪುವ ಮೊದಲೇ ಮೂವರು ಭರ್ಜಿಯವರು ಬಂದು ನಿಂತಿದ್ದರು. ಆಗ ಪೆನ್ನು, ಕಾಗದ ತೆಗೆದುಕೊಂಡೆ. ಎದುರಾಳಿ ಏನಾದರೂ ಮಾಡಿದ ಹೊತ್ತು ಒಂದು ಕಡೆ, ಹುಡುಗ ಅದಕ್ಕೆ ಉತ್ತರ ಕೊಟ್ಟ ಹೊತ್ತು ಇನ್ನೊಂದು ಕಡೆ. ಹನ್ನೊಂದು ಸಾಲು ಬರೆದೆ. ಎಂಟರಲ್ಲಿ ಅಂತರ ಹದಿನೇಳು ಸೆಕೆಂಡಿನ ಆಸುಪಾಸು.

ಸೋತವನು ತನ್ನ ಆಟವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತಿದ್ದ. ಆ ಪ್ರಸಾರ ಎಷ್ಟು ತಡವಾಗಿ ಹೋಗುತ್ತಿತ್ತು ಎಂದು ಅವನನ್ನೇ ಕೇಳಿದೆ. ಹದಿನೈದು ಸೆಕೆಂಡು ಎಂದ. ಉಳಿದ ಎರಡು ಹುಡುಗನ ಕೈಗಳಿಗೆ ಬೇಕಾದದ್ದು.

ಹುಡುಗ ಸುಳ್ಳು ಹೇಳಲಿಲ್ಲ. ಮೊಬೈಲಿನಲ್ಲಿ ನೋಡಿದೆ, ಅದು ಊರಿಗೆಲ್ಲ ತೆರೆದಿದ್ದ ಪ್ರಸಾರ, ನಾನೇನು ಕನ್ನ ಹಾಕಿದೆನೇ ಎಂದು ವಾದಿಸಿದ. ಕೆಲವರಿಗೆ ಅವನು ಜಾಣನಾಗಿಯೂ ಕಂಡ. ಈ ಜಾಣತನದ ಹೊಗಳಿಕೆ ನನಗೆ ಮೈ ಉರಿಸುತ್ತದೆ.

ಈ ವಾದ ಹೊಸದಲ್ಲ. 2012ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಎಂಬ ತಂಡಗಳ ಕಂಪ್ಯೂಟರ್ ಆಟದ ವಿಶ್ವ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್. ಪ್ರೇಕ್ಷಕರಿಗಾಗಿ ಹಾಕಿದ್ದ ದೊಡ್ಡ ಪರದೆಯಲ್ಲಿ ಎರಡೂ ತಂಡಗಳ ಚಲನವಲನ ಕಾಣುತ್ತಿತ್ತು. ಕೊರಿಯಾದ ಅಜುಬು ಫ್ರಾಸ್ಟ್ ತಂಡದ ಆಟಗಾರನೊಬ್ಬ ಕತ್ತು ತಿರುಗಿಸಿ ಅದನ್ನು ನೋಡಿದ. ತಂಡಕ್ಕೆ 30,000 ಡಾಲರ್ ದಂಡ ಬಿತ್ತು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ತಂಡ ಫೈನಲ್‌ವರೆಗೂ ಹೋಗಿ ಅಲ್ಲಿ ತೈಪೆ ಅಸಾಸಿನ್ಸ್ ಎದುರು ಸೋತಿತು. ಆ ಪರದೆಯನ್ನು ಆಟಗಾರರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದವರು ಯಾರು ಎಂದು ನಾನು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ. ಸ್ಟಾರ್‌ಕ್ರಾಫ್ಟ್ ಎಂಬ ಇನ್ನೊಂದು ಯುದ್ಧದಾಟದ ಪಂದ್ಯಗಳಿಗೆ ಅದೇ ಕೊರಿಯಾದವರು ಆಟಗಾರರನ್ನು ಗಾಜಿನ ಗೂಡುಗಳಲ್ಲಿ ಕೂರಿಸುತ್ತಿದ್ದರು, ವೀಕ್ಷಕ ವಿವರಣೆ ಅವರ ಕಿವಿಗೆ ಬೀಳದಿರಲಿ ಎಂದು.

ಎಲ್ಲ ಕಿಂಡಿಗಳನ್ನೂ ಮುಚ್ಚಲು ಬರುವುದಿಲ್ಲ ಎನ್ನುವುದೂ ನಿಜ. 1990ರ ದಶಕದ ಕೊನೆಯಲ್ಲಿ ನಮ್ಮ ಏಜ್ ಆಫ್ ಎಂಪೈರ್ಸ್‌ನಂಥ ಯುದ್ಧದಾಟಗಳು ಹುಟ್ಟಿದಾಗ ಇಂಟರ್‌ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ, ಆಮೆಯ ನಡಿಗೆಯಲ್ಲಿ. ನೂರಾರು ಸೈನಿಕರು ಎಲ್ಲಿದ್ದಾರೆ ಎಂದು ಕ್ಷಣಕ್ಷಣವೂ ಕಳಿಸುವುದು ಆಗದ ಮಾತು. ಹಾಗಾಗಿ ಆಟಗಾರರ ಆಜ್ಞೆಗಳನ್ನಷ್ಟೇ ಕಳಿಸಿ, ಇಡೀ ಯುದ್ಧವನ್ನು ಇಬ್ಬರ ಕಂಪ್ಯೂಟರೂ ತಾನೇ ಲೆಕ್ಕ ಹಾಕುವಂತೆ ಮಾಡಿದರು. ಎದುರಾಳಿಯ ಊರು ಪೂರ್ತಿಯಾಗಿ ನಿಮ್ಮ ಯಂತ್ರದೊಳಗೇ ಇದೆ, ಮೇಲೊಂದು ಕರಿಪರದೆ ಹೊದಿಸಿದ್ದಾರೆ ಅಷ್ಟೇ. ಆ ಪರದೆ ಸರಿಸುವ ಕಳ್ಳ ತಂತ್ರಾಂಶಗಳಿಗೆ ಮ್ಯಾಪ್ ಹ್ಯಾಕ್ ಎಂದು ಹೆಸರು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಆಡುತ್ತಿದ್ದ ಕಾಲದಲ್ಲಿ ನಾನೂ 'ಮಾರ್ಕೊ' ಎಂದು ಟೈಪಿಸಿ ನಕ್ಷೆ ತೆರೆದವನೇ, 'ಪೋಲೊ' ಎಂದು ಎದುರಾಳಿಯ ಚಲನವಲನ ಮರೆಮಾಡುವ ಮಂಜು ಸರಿಸಿದವನೇ. ಆಟ ತಯಾರಿಸಿದವರೇ ಕೊಟ್ಟಿದ್ದ ಮಂತ್ರಗಳವು. ಎದುರಿಗೆ ಮನುಷ್ಯನಿರಲಿಲ್ಲ, ಯಾರ ಭಾನುವಾರವೂ ಹಾಳಾಗಲಿಲ್ಲ.

ಕಳ್ಳರನ್ನು ಹಿಡಿಯಲು ಕಂಪನಿಗಳೂ ಉಪಾಯ ಹೂಡುತ್ತವೆ. ಡೋಟಾ 2 ಎಂಬ ಆಟ ನಡೆಸುವ ವಾಲ್ವ್ ಕಂಪನಿ ಸಾಮಾನ್ಯ ಆಟದಲ್ಲಿ ಯಾರೂ ಓದುವ ಪ್ರಸಂಗವೇ ಬಾರದ ಒಂದಿಷ್ಟು ಮಾಹಿತಿಯನ್ನು ಆಟದೊಳಗೆ ಬಚ್ಚಿಟ್ಟಿತು. ಅದನ್ನು ಓದಿದವರು ಕಳ್ಳ ತಂತ್ರಾಂಶ ಇಟ್ಟುಕೊಂಡವರು ಮಾತ್ರ. 2023ರ ಫೆಬ್ರುವರಿಯಲ್ಲಿ 40,000ಕ್ಕೂ ಹೆಚ್ಚು ಖಾತೆಗಳು ಒಮ್ಮೆಗೇ ಬಲೆಗೆ ಬಿದ್ದವು. ಓದಿದ ದಿನ ನಾನು ಒಬ್ಬನೇ ಕುಳಿತು ನಕ್ಕೆ.

ನಮ್ಮ ನಾಲ್ವರಲ್ಲಿ ಇಬ್ಬರು ಹುಡುಗನನ್ನು ಶಾಶ್ವತವಾಗಿ ಹೊರಹಾಕೋಣ ಎಂದರು. ನಾನು ಒಪ್ಪಲಿಲ್ಲ. ಶಾಶ್ವತ ನಿಷೇಧ ಬೇಕಾದ ಜಾಗ ಬೇರೆ ಇದೆ. 2010ರಲ್ಲಿ ಬಾಜಿಗಾಗಿ ಪಂದ್ಯ ಕೈಬಿಟ್ಟ ಹಗರಣದಲ್ಲಿ ಕೊರಿಯಾದ ಇ-ಕ್ರೀಡಾ ಸಂಘ ಹನ್ನೊಂದು ಸ್ಟಾರ್‌ಕ್ರಾಫ್ಟ್ ಆಟಗಾರರನ್ನು ಆಜೀವ ಹೊರಗಿಟ್ಟಿತು. ಅಷ್ಟಾದ ಮೇಲೂ, 2014ರಲ್ಲಿ ಸ್ಟಾರ್‌ಕ್ರಾಫ್ಟ್ 2ರ ವಿಶ್ವ ಚಾಂಪಿಯನ್ ಆದ 'ಲೈಫ್' ಎಂಬ ಅಡ್ಡಹೆಸರಿನ ಲೀ ಸಂಗ್-ಹ್ಯುನ್, ಮರುವರ್ಷ ಏಳು ಕೋಟಿ ವಾನ್ (ಕೊರಿಯಾದ ಹಣ) ಪಡೆದು ಎರಡು ಪಂದ್ಯ ಬೇಕೆಂದೇ ಸೋತ. ಆಗ ಅವನಿಗೆ ಹದಿನೆಂಟು ವರ್ಷ. ಅಷ್ಟೇ ಮೊತ್ತದ ದಂಡ, ಅಮಾನತಿನಲ್ಲಿಟ್ಟ ಹದಿನೆಂಟು ತಿಂಗಳ ಜೈಲು ಶಿಕ್ಷೆ, ಆಜೀವ ನಿಷೇಧ. ಅವನ ಆಟ ನೋಡಿ ಕಲಿತವನು ನಾನು. ಆ ರೆಕಾರ್ಡಿಂಗ್‌ಗಳನ್ನು ಈಗ ತೆರೆದರೆ ಪ್ರತಿ ತಪ್ಪು ನಡೆಯಲ್ಲೂ ಅನುಮಾನ ಬರುತ್ತದೆ. ಇಣುಕಿದವನು ಗೆಲ್ಲಬೇಕೆಂದಾದರೂ ಆಡಿದ್ದ.

ದೊಡ್ಡವರಿಗೆ ಸಿಗುವ ರಿಯಾಯಿತಿಯೂ ನೆನಪಿತ್ತು. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರಕ್ಕಾಗಿ ನಡೆದ ಆನ್‌ಲೈನ್ ಚೆಸ್‌ನಲ್ಲಿ ನಮ್ಮ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿದರು. ಆಮೇಲೆ ಕಂಪ್ಯೂಟರಿನ ನೆರವು ಪಡೆದದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು. ಚೆಸ್ ತಾಣದಲ್ಲಿ ಮುಚ್ಚಿದ್ದ ಅವರ ಖಾತೆ ಮತ್ತೆ ತೆರೆಯಿತು. ಅವರಿಗೆ ಸಿಕ್ಕ ಎರಡನೇ ಅವಕಾಶ ಪಿಯುಸಿ ಹುಡುಗನಿಗೇಕೆ ಬೇಡ?

ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ನೇರ ಪ್ರಸಾರವನ್ನು ಹತ್ತು ನಿಮಿಷ ತಡಮಾಡಬೇಕು ಎಂಬ ಒಂದು ಸಾಲನ್ನು ನಾವು ಬರೆದಿರಲಿಲ್ಲ. ಬಹುಮಾನದ ಮೌಸ್ ಯಾವ ಬಣ್ಣದ್ದಿರಬೇಕೆಂದು ಎರಡು ಸಂಜೆ ಚರ್ಚಿಸಿದ್ದೆವು. ಕೊನೆಗೆ ಗೆಲುವನ್ನು ರದ್ದು ಮಾಡಿ ಭಾನುವಾರ ಮರುಪಂದ್ಯ ಇಟ್ಟೆವು. ಹುಡುಗ ಮುನಿಸಿಕೊಂಡೇ ಬಂದ.

ನಾನು ಪೂರ್ತಿ ನೋಡಿದೆ. ಈ ಸಲವೂ ಅವನ ಸವಾರ ಬೇಗ ಸತ್ತ. ಏನೂ ತಿಳಿಯದೆ ನಾಲ್ಕು ದಿಕ್ಕಿಗೂ ಬೇಲಿ ಹಾಕಿಕೊಂಡ, ಬರಲಾರದ ಕುದುರೆಗಳಿಗಾಗಿ ಭರ್ಜಿಯವರನ್ನು ಕಟ್ಟಿ ಕಾದ. ಕಾಡಿನ ಹಿಂದಿನಿಂದ ಬಿಲ್ಲುಗಾರರು ಬಂದರು. ಮೂವತ್ತೆರಡನೇ ನಿಮಿಷಕ್ಕೆ 'ಜಿಜಿ' (ಒಳ್ಳೆಯ ಆಟ, ಅಂದರೆ ಸೋಲೊಪ್ಪಿದೆ) ಎಂದು ಬರೆದು ಆಟ ಬಿಟ್ಟ. ರಾತ್ರಿ ಮತ್ತೆ ಹನ್ನೊಂದೂವರೆಗೆ ಸಂದೇಶ: "ಸರ್, ಅವರು ಆ ಶಾಲೆಗಳನ್ನು ಎಷ್ಟನೇ ನಿಮಿಷಕ್ಕೆ ಕಟ್ಟಿದರು? ರೆಕಾರ್ಡಿಂಗ್ ಕಳಿಸುತ್ತೀರಾ?"

ಕಳಿಸಿದೆ.