ಒಂದೇ ವಠಾರದ ಮೂವರು

ಕುಕ್ಕರಿನಲ್ಲಿ ಬೇಳೆ ಸೀದು ಹೋದದ್ದಕ್ಕೆ ಕಾರಣ ಶಿರಾಡಿ ಘಾಟಿ ಅಂದರೆ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

ಆದದ್ದು ಇಷ್ಟು. ಬೆಂಗಳೂರಿನಲ್ಲಿ ಮದುವೆಯೂಟ ಮುಗಿಸಿ, ಜೊತೆಗೆ ಒಂದು ಒಳ್ಳೆಯ ನೆಗಡಿಯನ್ನೂ ಕಟ್ಟಿಕೊಂಡು ರಾತ್ರಿ ಬಸ್ಸಿನಲ್ಲಿ ಪುತ್ತೂರಿಗೆ ಹೊರಟಿದ್ದೆ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಬಸ್ಸು ತಿರುವಿನ ಮೇಲೆ ತಿರುವು ಹಾಕಿ ಗುಂಡ್ಯಕ್ಕೆ ಇಳಿಯುವಷ್ಟರಲ್ಲಿ ನನ್ನ ಎರಡೂ ಕಿವಿಗೆ ಯಾರೋ ಹತ್ತಿ ತುರುಕಿದ ಹಾಗಾಯಿತು. ಬೆಳಿಗ್ಗೆ ಸರಿಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ.

ಮರುದಿನ ಹೆಂಡತಿ ಪಕ್ಕದ ಬೀದಿಗೆ ಹೊರಡುವಾಗ "ರೀ, ನಾಲ್ಕು ಸೀಟಿ ಆದ್ಮೇಲೆ ಆಫ್ ಮಾಡಿ" ಅಂದಳು. ಸೀಟಿ ಕೇಳಿಸದೆ ಇರಲಿಲ್ಲ. ಆದರೆ ಅಷ್ಟು ದೂರದಿಂದ ಬಂದ ಹಾಗಿತ್ತು, ಆಚೆ ಮನೆಯವರದ್ದು ಅಂದುಕೊಂಡೆ. ಕರಕಲು ವಾಸನೆಯಾದರೂ ಎಬ್ಬಿಸಬೇಕಿತ್ತು. ಮೂಗು ಕಟ್ಟಿತ್ತು. ಕಿವಿಗೂ ರಜೆ, ಮೂಗಿಗೂ ರಜೆ. ಆಮೇಲೆ ಉತ್ತರ ಕೊಡುವ ಕೆಲಸ ಮಾತ್ರ ಬಾಯಿಯ ಪಾಲಿಗೆ ಬಂತು.

ಡಾಕ್ಟರ ಹತ್ತಿರ ಹೋದೆ. ಅವರು ಕಿವಿಯೊಳಗೆ ಒಮ್ಮೆ ಬೆಳಕು ಬಿಟ್ಟು ನೋಡಿ, ಮೂಗಿನಲ್ಲೇ ಜಾಸ್ತಿ ಹೊತ್ತು ಕಳೆದರು. ಬರೆದುಕೊಟ್ಟ ಹನಿಯೂ ಮೂಗಿಗೇ. "ಸಾರ್, ತೊಂದರೆ ಇರೋದು ಕಿವಿಯಲ್ಲಿ" ಅಂದೆ. ಅವರು ನಕ್ಕು, "ಕಿವಿಯ ಹಿತ್ತಲ ಬಾಗಿಲು ಇರೋದು ಮೂಗಿನ ಹಿಂದೆ" ಅಂದರು.

ಕಿವಿ, ಮೂಗು, ಗಂಟಲು ಮೂರಕ್ಕೂ ಯಾಕೆ ಒಬ್ಬರೇ ಡಾಕ್ಟರು ಅನ್ನುವ ನನ್ನ ಬಹುಕಾಲದ ಅನುಮಾನ ಅಲ್ಲಿಗೆ ಬಗೆಹರಿಯಿತು. ಚಿಕ್ಕಂದಿನಲ್ಲಿ ನಾವು ಮೈಸೂರಿನ ಒಂದು ವಠಾರದಲ್ಲಿದ್ದೆವು. ಬೀದಿಗೆ ಬೇರೆ ಬೇರೆ ಬಾಗಿಲು, ಹಿಂದೆ ಒಂದೇ ಅಂಗಳ. ಒಬ್ಬರ ಮನೆ ಒಗ್ಗರಣೆಗೆ ಎಲ್ಲರೂ ಸೀನಬೇಕು. ಮುಖದ ಕಥೆಯೂ ಅದೇ. ಕಣ್ಣು ಮಹಡಿಯ ಮೇಲಿನವರು, ಅವರ ಡಾಕ್ಟರೇ ಬೇರೆ. ಆದರೆ ಅವರ ಮನೆಯ ನೀರೂ ಇಳಿಯುವುದು ಮೂಗಿನೊಳಕ್ಕೇ. ಅತ್ತಾಗ ಮೂಗು ಸೋರುವುದು ಅದಕ್ಕೇ. ಹಲ್ಲು ಮಾತ್ರ ಬಾಯಿಯೊಳಗೇ ಇದ್ದುಕೊಂಡು ಪಾಲು ತೆಗೆದುಕೊಂಡು ಬೇರೆ ಡಾಕ್ಟರನ್ನು ಇಟ್ಟುಕೊಂಡಿದೆ.

ಡಾಕ್ಟರು ಹೇಳಿದ ಹಿತ್ತಲ ಬಾಗಿಲು ಅಂದರೆ ಯುಸ್ಟೇಶಿಯನ್ ನಳಿಕೆ. 16ನೇ ಶತಮಾನದ ಇಟಲಿಯ ವೈದ್ಯ ಯುಸ್ಟಾಕಿಯ ಹೆಸರು ಅದಕ್ಕೆ. ಕಿವಿ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ ಇದೆ. ಆ ಕೋಣೆಗೂ ಮೂಗಿನ ಹಿಂಭಾಗಕ್ಕೂ ನಡುವೆ ಈ ನಳಿಕೆ. ಸಾಮಾನ್ಯವಾಗಿ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ತೆರೆದು ಒಳಗಿನ ಗಾಳಿ, ಹೊರಗಿನ ಗಾಳಿ ಸರಿದೂಗಿಸುತ್ತದೆ. ಘಟ್ಟ ಇಳಿಯುವಾಗ ಹೊರಗಿನ ಗಾಳಿಯ ಒತ್ತಡ ಏರುತ್ತಾ ಹೋಗುತ್ತದೆ. ನೆಗಡಿಯಿಂದ ಬಾಗಿಲು ಊದಿಕೊಂಡು ತೆರೆಯದಿದ್ದರೆ ತಮಟೆ ಒಳಕ್ಕೆ ಒತ್ತಿಕೊಂಡು ಕೂರುತ್ತದೆ. ಅಂಗೈಯಲ್ಲಿ ಒತ್ತಿ ಹಿಡಿದ ತಮಟೆ ಬಾರಿಸಿದರೆ ನಾದ ಹೊರಡುತ್ತದೆಯೇ? ಪುಟ್ಟ ಮಕ್ಕಳಲ್ಲಿ ಈ ನಳಿಕೆ ಗಿಡ್ಡ, ಇಳಿಜಾರೂ ಕಡಿಮೆ. ಅವರಿಗೆ ನೆಗಡಿಯ ಬೆನ್ನಿಗೇ ಕಿವಿನೋವು ಬರುವುದರ ಗುಟ್ಟು ಅದು.

ತಮಟೆಯ ಹಿಂದಿನ ಕೋಣೆಯಲ್ಲಿ ಮೂರು ಮೂಳೆಗಳಿವೆ. ಸುತ್ತಿಗೆ, ಅಡಿಗಲ್ಲು, ರಿಕಾಪು. ಕಮ್ಮಾರನ ಕುಲುಮೆಯೇ ಇದ್ದಂತಿದೆ, ಅಲ್ವಾ? ಕುದುರೆಯ ರಿಕಾಪಿನಂತಿರುವ ಕೊನೆಯ ಮೂಳೆ ಸುಮಾರು 3 ಮಿಲಿಮೀಟರ್, ಅಕ್ಕಿ ಕಾಳಿಗಿಂತ ಚಿಕ್ಕದು. ಮೈಯಲ್ಲಿ ಅದಕ್ಕಿಂತ ಸಣ್ಣ ಮೂಳೆ ಇನ್ನೊಂದಿಲ್ಲ. ಇಷ್ಟೆಲ್ಲ ಸಾಮಾನು ಯಾಕೆ ಅಂದರೆ, ಶಬ್ದ ಬರುವುದು ಗಾಳಿಯಲ್ಲಿ, ಒಳಗಿವಿಯಲ್ಲಿ ಬಸವನಹುಳು ಅನ್ನಿಸಿಕೊಳ್ಳುವ, ಅದರ ಚಿಪ್ಪಿನಂತೆಯೇ ಸುರುಳಿಯಾದ ಕೊಳವೆಯಲ್ಲಿ ಇರುವುದು ನೀರು. ಕೆರೆಯಲ್ಲಿ ಮುಳುಗಿದವನನ್ನು ದಡದಿಂದ ಕೂಗಿ ನೋಡಿ, ಸದ್ದು ಬಹುಪಾಲು ನೀರಿನ ಮೇಲೆ ಬಡಿದು ವಾಪಸ್ಸಾಗುತ್ತದೆ. ಅದಕ್ಕೇ ಈ ಉಪಾಯ. ರಿಕಾಪು ಒತ್ತುವ, ಆ ಕೊಳವೆಯ ಕಿಟಕಿಗಿಂತ ತಮಟೆ ವಿಸ್ತೀರ್ಣದಲ್ಲಿ ಸುಮಾರು 17 ಪಟ್ಟು ದೊಡ್ಡದು. ಮೊಳೆಯ ತಲೆ ಅಗಲ, ತುದಿ ಚೂಪು ಇದ್ದ ಹಾಗೆ. ತಲೆಗೆ ಬಿದ್ದ ಪೆಟ್ಟೆಲ್ಲ ತುದಿಗೆ ಬಂದು ಸೇರುತ್ತದೆ.

ಬಸವನಹುಳು ಎರಡೂವರೆ ಸುತ್ತು ಸುತ್ತಿಕೊಂಡಿದೆ. ಅದರೊಳಗೆ ಕೂದಲಿನಂಥ ಎಳೆಗಳಿರುವ ಸುಮಾರು 15,000 ಕೋಶಗಳು. ಮೆದುಳಿಗೆ ಸುದ್ದಿ ಕಳಿಸುವವು ಅವೇ. ತಲೆಗೂದಲಾದರೂ ಬಿದ್ದರೆ ಒಂದಷ್ಟು ಬರುತ್ತದೆ, ಇವು ಹೋದರೆ ಹೋದವು. ಗಣಪತಿ ಮೆರವಣಿಗೆಯ ಸ್ಪೀಕರ್ ಪಕ್ಕದಲ್ಲೇ ಕುಣಿಯುವ ಹುಡುಗರಿಗೆ ಇದನ್ನು ಹೇಳೋಣ ಅಂದರೆ, ಹೇಳಿದ್ದು ಅಲ್ಲಿ ಕೇಳಿಸಬೇಕಲ್ಲ. ಬಸವನಹುಳುವಿನ ಪಕ್ಕದಲ್ಲೇ ಮೂರು ಅರ್ಧವರ್ತುಲದ ಕೊಳವೆಗಳೂ ಇವೆ. ಗಿರಗಿರ ತಿರುಗಿ ನಿಂತಾಗ ಮನೆಯೇ ತಿರುಗುವಂತೆ ಮಾಡುವವು ಅವು.

ಗುಗ್ಗೆಯ ವಿಷಯ ಹೇಳದೆ ಕಿವಿ ಬಿಡುವ ಹಾಗಿಲ್ಲ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಯುಧ. ಅಜ್ಜಿಗೆ ಹೇರ್‌ಪಿನ್ನು, ಚಿಕ್ಕಪ್ಪನಿಗೆ ಬೆಂಕಿಕಡ್ಡಿ, ನನಗೆ ಸ್ಕೂಟರಿನ ಕೀ. ಇದ್ಯಾವುದೂ ಬೇಡವಂತೆ. ಕಿವಿಯ ದಾರಿಯ ಚರ್ಮ ತಾನೇ ಒಳಗಿನಿಂದ ಹೊರಕ್ಕೆ ಬೆಳೆಯುತ್ತಾ ಗುಗ್ಗೆಯನ್ನು ಹೊತ್ತು ತರುತ್ತದೆ. ನಾವು ಕಡ್ಡಿ ಹಾಕಿ ಅದನ್ನು ಮತ್ತೆ ಒಳಕ್ಕೆ ತಳ್ಳುತ್ತೇವೆ. ಹಾಗೆ ಕಡ್ಡಿ ಆಡಿಸುವಾಗ ಕೆಲವರಿಗೆ ಕೆಮ್ಮು ಬರುತ್ತದೆ. ಚಿಕ್ಕಪ್ಪ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದರು. ಗಂಟಲಿಗೆ ಹೋಗುವ ನರದ ಒಂದು ಕವಲು ಕಿವಿಗೂ ಬಂದಿದೆಯಂತೆ. ಇಲ್ಲಿ ಗೋಡೆ ಬಡಿದರೆ ಅಲ್ಲಿ ಎಚ್ಚರ.

ಇನ್ನು ಮೂಗು. ಎರಡು ಹೊಳ್ಳೆಯೂ ಸಮ ದುಡಿಯುತ್ತವೆ ಅಂದುಕೊಂಡಿದ್ದೆ. ಹೆಚ್ಚಿನವರಲ್ಲಿ ಹಾಗಲ್ಲ. ಕೆಲವು ಗಂಟೆ ಒಂದು ಜಾಸ್ತಿ ತೆರೆದಿರುತ್ತದೆ, ಆಮೇಲೆ ಇನ್ನೊಂದು. ಪಾಳಿಯ ಕೆಲಸ. ಯೋಗದವರು ಸೂರ್ಯನಾಡಿ, ಚಂದ್ರನಾಡಿ ಅಂತ ಹೊಳ್ಳೆಗಳ ಈ ಸರದಿಯನ್ನು ಹಿಂದಿನಿಂದಲೂ ಗಮನಿಸುತ್ತಾ ಬಂದಿದ್ದಾರೆ.

ಆದರೆ ನೆಗಡಿಯ ಆ ವಾರದಲ್ಲಿ ಮೂಗಿನ ನಿಜವಾದ ಬೆಲೆ ಗೊತ್ತಾಗಿದ್ದು ಊಟಕ್ಕೆ ಕೂತಾಗ. ಇಂಗು ಹಾಕಿದ ಸಾರು ಬರೀ ಉಪ್ಪು, ಹುಳಿ, ಬಿಸಿ. ನಾಲಿಗೆ ಒಂದಕ್ಕೇ ಬಿಟ್ಟರೆ ಊಟ ಅಷ್ಟೇ. ಬಾಯಲ್ಲಿ ಅಗಿದದ್ದರ ಘಮ ಅಂಗುಳಿನ ಹಿಂದಿನಿಂದ ಮೂಗಿಗೆ ಹತ್ತಬೇಕು, ಆಗಲೇ ಅದು ಸಾರು. ವಾಸನೆ ಹಿಡಿಯಲು ಮೂಗಿನ ಮೇಲ್ಗಡೆ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ಗ್ರಾಹಕಗಳ ಗುಂಪನ್ನು ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ಗೆ 2004ರಲ್ಲಿ ನೊಬೆಲ್ ಬಂತು. ಕೆಲಸ ಮೂಗಿನದು, ಹೆಸರು ನಾಲಿಗೆಗೆ. "ಏನು ಕೈರುಚಿ!" ಅನ್ನುವಾಗ ಮೂಗಿಗೆ ಒಂದು ಮಾತೂ ಇಲ್ಲ.

ನಾಲಿಗೆಯ ಬಗ್ಗೆ ಶಾಲೆಯಲ್ಲಿ ಒಂದು ನಕ್ಷೆ ಬರೆಸಿದ್ದರು. ತುದಿಯಲ್ಲಿ ಸಿಹಿ, ಹಿಂದೆ ಕಹಿ, ಪಕ್ಕದಲ್ಲಿ ಹುಳಿ. ಕಷ್ಟಪಟ್ಟು ಬಣ್ಣ ತುಂಬಿದ್ದೆ. ಈಗ ನೋಡಿದರೆ ಅದು ತಪ್ಪಂತೆ. ಎಲ್ಲ ರುಚಿಯೂ ನಾಲಿಗೆಯ ಎಲ್ಲ ರುಚಿಮೊಗ್ಗುಗಳಿರುವ ಕಡೆಯಲ್ಲೂ ಗೊತ್ತಾಗುತ್ತದೆ. ಅದಕ್ಕಿಂತ ದುಃಖದ ಸಂಗತಿ, ಖಾರ ಒಂದು ರುಚಿಯೇ ಅಲ್ಲವಂತೆ. ಬಿಸಿ ತಗುಲಿದಾಗ ಕೂಗುವ ಗ್ರಾಹಕವನ್ನೇ ಮೆಣಸಿನಕಾಯಿ ತಟ್ಟುತ್ತದೆ. ಅಂದರೆ ನೋವು. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಸಿಗಲಿ. ಆದರೆ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ಲೆಕ್ಕ ಹಾಕಿ ಪುಡಿ ಮಾಡಿಸುವವರ ಮುಂದೆ ಇದನ್ನು ಹೇಳಿ ಬಚಾವಾಗುವುದು ಕಷ್ಟ.

ವಠಾರದ ಜಗಳ ಜಾಸ್ತಿ ನಡೆಯುವುದು ಗಂಟಲಿನ ಓಣಿಯಲ್ಲಿ. ಗಾಳಿಗೂ ಅನ್ನಕ್ಕೂ ಅಲ್ಲಿ ಒಂದೇ ದಾರಿ. ನುಂಗುವಾಗ ಕಿರುನಾಲಿಗೆ ಮೇಲೆದ್ದು ಮೂಗಿನ ಬಾಗಿಲು ಮುಚ್ಚಬೇಕು, ಕೆಳಗೊಂದು ಮುಚ್ಚಳ ಬಾಗಿ ಶ್ವಾಸನಾಳ ಮುಚ್ಚಬೇಕು. ಕುಡಿಯುತ್ತಾ ನಕ್ಕರೆ ಮಜ್ಜಿಗೆ ಮೂಗಿನಲ್ಲಿ ಬರುತ್ತದೆ. ಉಣ್ಣುತ್ತಾ ಮಾತಾಡಿದರೆ ನೆತ್ತಿಗೆ ಹತ್ತುತ್ತದೆ. ನೆತ್ತಿ ಎಲ್ಲಿ, ಶ್ವಾಸನಾಳ ಎಲ್ಲಿ! ಆದರೂ ಅಜ್ಜಿ ತಲೆ ತಟ್ಟಿ "ಯಾರೋ ನೆನೆಸ್ಕೊಂಡ್ರು ಕಣೋ" ಅನ್ನುತ್ತಿದ್ದರು. ಕೆಮ್ಮುತ್ತಲೇ ಅದು ಯಾರಿರಬಹುದು ಅಂತ ಯೋಚಿಸುತ್ತಿದ್ದೆ.

ಮೂಗಿಗೆ ಹನಿ ಹಾಕಿ, ಹಬೆ ತೆಗೆದುಕೊಂಡು ಆರನೇ ದಿನ. ಸಂಜೆ ಸುಮ್ನೆ ಪೇಪರ್ ಓದುತ್ತಾ ಕೂತಿದ್ದೆ. ದೊಡ್ಡದೊಂದು ಆಕಳಿಕೆ ಬಂತು. ಬಲಗಿವಿಯಲ್ಲಿ ಟಪ್ ಅಂತು, ಹಿಂದೆಯೇ ಎಡಗಿವಿಯಲ್ಲೂ. ಒಮ್ಮೆಲೇ ಫ್ಯಾನಿನ ಕಟಕಟ ಕೇಳಿತು. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿತು. ಅಡುಗೆಮನೆಯಲ್ಲಿ ಹೆಂಡತಿ ತನ್ನ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದೂ ಸ್ಪಷ್ಟವಾಗಿ ಕೇಳಿತು. "ಕಿವೀನೂ ಇಲ್ಲ, ಮೂಗೂ ಇಲ್ಲ ಅಕ್ಕಾ. ಬಾಯಿ ಮಾತ್ರ ಚೆನ್ನಾಗೇ ಇದೆ."

ಇನ್ನೆರಡು ದಿನ ಕಿವಿ ಕೇಳದೇ ಇರಲಿ ಅಂದುಕೊಂಡು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ.