ಮೆಂಬ್ರೇನ್ ಬದಲಿಸುವ ಮುನ್ನ

ಕುಡಿಯುವ ನೀರನ್ನು ಶುದ್ಧೀಕರಿಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರದಲ್ಲಿ ನೀರು ನಿಧಾನವಾದರೆ ಮೆಂಬ್ರೇನ್, ಅಂದರೆ ಲವಣಗಳನ್ನು ತಡೆಯುವ ಒಳಪೊರೆ, ಬದಲಿಸಿ ಎಂದು ಈ ಯಂತ್ರಗಳ ಕುರಿತ ಲೇಖನವೊಂದು ಸೂಚಿಸುತ್ತದೆ. ಆದರೆ ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಮೊದಲು ನೋಡಬೇಕಾದುದು ಕೆಸರು ತಡೆಯುವ ಹೊರಗಿನ ಸೆಡಿಮೆಂಟ್ ಫಿಲ್ಟರನ್ನು. ಆಷಾಢದ ಬಾವಿನೀರಿನ ಕೆಮ್ಮಣ್ಣು ಅದರೊಳಗಿನ ಬಿಳಿಯ ಕ್ಯಾಂಡಲ್ಲಿಗೆ (ಸೋಸುವ ಭಾಗಕ್ಕೆ) ಮೆತ್ತಿಕೊಂಡರೆ, ಒಳಬರುವ ನೀರಿಗೆ ಒತ್ತಡ ಸಾಲದೆ ಪಂಪು ಬಿಟ್ಟು ಬಿಟ್ಟು ಓಡುತ್ತದೆ. ಮೆಂಬ್ರೇನ್ ಕೆಟ್ಟಿದೆಯೇ ಎಂದು ತಿಳಿಯಲು, ಒಳಹೋಗುವ ನೀರಿನ ಟಿಡಿಎಸ್ಸನ್ನು (ಕರಗಿದ ಲವಣಾದಿಗಳ ಪ್ರಮಾಣವನ್ನು) ಮೆಂಬ್ರೇನಿನಿಂದ ನೇರವಾಗಿ ಹೊರಡುವ ಶುದ್ಧನೀರಿನ ಕೊಳವೆಯ ಟಿಡಿಎಸ್ಸಿನೊಂದಿಗೆ ಹೋಲಿಸಬೇಕು. ಟಿಡಿಎಸ್ ಕಂಟ್ರೋಲರ್ ಇರುವ ಯಂತ್ರಗಳ ನಲ್ಲಿಯಲ್ಲಿ ಆರ್‌ಒ ಆಗದ ನೀರೂ ಬೆರೆತು ಬರುವುದರಿಂದ ಅಲ್ಲಿನ ಅಳತೆಯನ್ನು ನಂಬಲಾಗದು. ಅಂದಹಾಗೆ, ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಟಿಡಿಎಸ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ಮಲೆನಾಡಿನ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕೆಳಗಿರುವಾಗ, ಆರ್‌ಒ ಬದಲು ಕೆಸರಿಗೆ ಸೋಸುವಿಕೆಯೂ ರೋಗಾಣುಗಳಿಗೆ ಕುದಿಸುವಿಕೆಯೂ ಸಾಕಾಗದೇ ಎಂಬುದನ್ನು ಲೇಖಕರು ಚರ್ಚಿಸಬಹುದಿತ್ತು.